ಘಂಟೆ ನಿಂತ ಮೇಲಿನ ಪ್ರಾರ್ಥನೆ

ಶಾಲೆಯನ್ನು ಬಿಟ್ಟು ರಾಣಿಬೆನ್ನೂರು ತಾಲೂಕಿನ ಐರಣಿಯಂಥ ಹೊಳೆದಂಡೆಯ ಊರಿಗೆ ಮರಳಿದ ನಮಗೆ ಮೊದಲನೆಯ ವಾರದಲ್ಲಿಯೇ ಒಂದು ಸಂಗತಿಯು ತಿಳಿದುಬಂದಿತು. ಮುಂಜಾನೆ ಘಂಟೆಯಾಗಲಿಲ್ಲ, ನಾವು ಪ್ರಾರ್ಥನೆಯನ್ನೂ ಮಾಡಲಿಲ್ಲ. ಬೋರ್ಡಿಂಗಿನಲ್ಲಿ ವರ್ಷಗಟ್ಟಲೆ ಒಂದು ದಿನವಾದರೂ ತಪ್ಪದೆ ಮೊಣಕಾಲೂರಿದವರು ನಾವು. ಸತ್ಯವೇದದ ಪರೀಕ್ಷೆಯಲ್ಲಿ ಬಹುಮಾನ ಹೊಂದಿದವರೂ ನಮ್ಮಲ್ಲಿದ್ದರು. ಘಂಟೆಯೊಡನೆ ಪ್ರಾರ್ಥನೆಯೂ ನಿಂತುಹೋಯಿತೆಂದರೆ ಅಷ್ಟು ದಿವಸ ನಾವು ಮಾತಾಡುತ್ತಿದ್ದದ್ದು ಯಾರ ಸಂಗಡ? ಕರ್ತನ ಸಂಗಡಲೋ, ಮೇಲ್ವಿಚಾರಕಿಯ ಸಂಗಡಲೋ?

ಈ ಪ್ರಶ್ನೆಯು ನಮ್ಮೊಬ್ಬರದೇ ಅಲ್ಲ. ಪಂಡಿತಾ ರಮಾಬಾಯಿಯವರ ಚರಿತ್ರೆಯನ್ನು ಓದಿದವರು ಇದನ್ನು ಬಲ್ಲರು. ಅವರ ತಂದೆ ಅನಂತಶಾಸ್ತ್ರಿಗಳು ಕಾರ್ಕಳದ ಹತ್ತಿರದ ಮಾಳದವರು. ಹೆಂಡತಿಗೆ ಸಂಸ್ಕೃತವನ್ನು ಕಲಿಸಿದ್ದಕ್ಕಾಗಿ ಜನರ ವಿರೋಧವನ್ನು ಕಟ್ಟಿಕೊಂಡವರು. ಗಂಗಾಮೂಲದ ಅಡವಿಯಲ್ಲಿ 1858ರಲ್ಲಿ ಹುಟ್ಟಿದ ಈ ಮಗಳು ಬರಗಾಲದಲ್ಲಿ ತಾಯಿತಂದೆಗಳನ್ನು ಕಳಕೊಂಡು, ಕಲ್ಕತ್ತೆಯಲ್ಲಿ ಪಂಡಿತೆಯೆನಿಸಿಕೊಂಡು, 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನವನ್ನು ಹೊಂದಿದರು. ಅಷ್ಟಕ್ಕೆ ಕಥೆಯು ಮುಗಿಯಿತೆಂದು ನಮ್ಮಲ್ಲಿ ಅನೇಕರು ತಿಳಿಯುತ್ತಾರೆ. ಆದರೆ ತನಗೆ ಕ್ರೈಸ್ತ ಮತವು ದೊರೆತಿತ್ತು, ಆ ಮತದ ಜೀವವಾದ ಕ್ರಿಸ್ತನು ಇನ್ನೂ ದೊರೆತಿರಲಿಲ್ಲವೆಂದು ಅವರೇ 1907ರಲ್ಲಿ ಪ್ರಕಟವಾದ ತಮ್ಮ ಸಾಕ್ಷಿಯಲ್ಲಿ ಒಪ್ಪಿಕೊಂಡಿದ್ದಾರೆ. ದೀಕ್ಷಾಸ್ನಾನವಾಗಿ ಸುಮಾರು ಎಂಟು ವರ್ಷಗಳಾದ ಮೇಲೆ ಅವರಿಗೆ ಆ ಸಮಾಧಾನವು ಸಿಕ್ಕಿತು. ಅಷ್ಟು ದೊಡ್ಡ ವಿದ್ವಾಂಸಿಯು ತಾನು ಪರರ ಮಾತನ್ನೇ ನಂಬಿಕೊಂಡಿದ್ದೆನೆಂದು ಒಪ್ಪಿಕೊಳ್ಳುವದು ಸಣ್ಣ ಮಾತಲ್ಲ. ವಾರ್ಷಿಕ ಬಹುಮಾನದ ಪುಸ್ತಕವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡ ನಮಗೆ ಅದು ಇನ್ನೂ ಕಷ್ಟ.

ಇಂಥ ಸ್ವಂತ ಭಕ್ತಿಯು ಹುಡುಗಿಯರನ್ನು ಗರ್ವಿಗಳನ್ನಾಗಿ ಮಾಡುವದು, ಅವರು ಸಭೆಯನ್ನು ಬಿಟ್ಟು ಮೂಲೆ ಹಿಡಿಯುವರು ಎಂದು ಹಿರಿಯರು ಹೇಳುವದುಂಟು. ಭಯವು ಸುಳ್ಳಲ್ಲ, ಅಂಥವರನ್ನು ನಾವೂ ಕಂಡಿದ್ದೇವೆ. ಆದರೆ ರಮಾಬಾಯಿಯವರು ಮೂಲೆ ಹಿಡಿಯಲಿಲ್ಲ. 1896-97ರ ಬರಗಾಲದಲ್ಲಿ ಮಧ್ಯಪ್ರಾಂತಕ್ಕೆ ಹೋಗಿ ಹಸಿದ ಹುಡುಗಿಯರನ್ನೂ ವಿಧವೆಯರನ್ನೂ ಕರತಂದು, ಕೇಡಗಾಂವಿಯಲ್ಲಿ ಅವರಿಗೆ ಅನ್ನವನ್ನೂ ಅಕ್ಷರವನ್ನೂ ಕೊಟ್ಟರು. ಓದುಬರಹ ಸ್ವಲ್ಪವೇ ಬಲ್ಲ ಹೆಂಗಸರಿಗೂ ತಿಳಿಯುವಂತೆ ಸತ್ಯವೇದವನ್ನು ಸುಲಭವಾದ ಮರಾಠಿಗೆ ತಿರುಗಿಸುವ ಕೆಲಸದಲ್ಲಿ 1922ರಲ್ಲಿ ತೀರಿಕೊಳ್ಳುವ ವರೆಗೂ ಇದ್ದರು. ದೇವರ ಸಂಗಡ ಒಬ್ಬಳೇ ಕೂತು ಮಾತಾಡಿದವಳು ಜನರ ಸಂಗಡ ಮಾತಾಡುವದನ್ನು ಮರೆಯಲಿಲ್ಲ.

ನಮ್ಮ ತುಂಗಭದ್ರೆಯು ಬೇಸಿಗೆಯಲ್ಲಿ ಸೊರಗಿದಾಗ ಮರಳನ್ನು ಬಗೆದು ಒರತೆಯ ನೀರನ್ನು ತುಂಬುವದುಂಟು. ತೋಡಿದವಳಿಗೆ ತಡೆಯಬೇಕಾಗುತ್ತದೆ, ಮೊದಲು ಕೆಸರು, ಆ ಮೇಲೆ ತಿಳಿನೀರು. ಅವಸರಪಟ್ಟವಳ ಕೊಡದಲ್ಲಿ ಮರಳೇ ಹೆಚ್ಚು. ಒಬ್ಬರೇ ಪ್ರಾರ್ಥಿಸಲು ಕೂತಾಗಲೂ ನಮಗೆ ಮೊದಮೊದಲು ಕೆಸರೇ ಬಂದಿತು: ಮನೆಗೆಲಸ, ಯಾರ ಮೇಲಿನದೋ ಸಿಟ್ಟು, ಒಲೆಯ ಮೇಲಿನ ಹಾಲು. ಕಲಿತ ಪ್ರಾರ್ಥನೆಗಳು ಮುಗಿದುಹೋದವು. ಸ್ವಂತದ ಮಾತು ಒಂದೂ ಬರಲಿಲ್ಲ. ಎಷ್ಟೋ ದಿನಗಳ ಮೇಲೆ, ಮಗುವಿಗೆ ಜ್ವರ ಬಂದ ಒಂದು ರಾತ್ರಿ, ಅಲಂಕಾರವಿಲ್ಲದ ಎರಡು ಮಾತು ಬಂದವು. ಅವನ್ನು ಇಲ್ಲಿ ಬರೆಯುವದಿಲ್ಲ.

ಶಾಲೆಯ ಪ್ರಾರ್ಥನೆಯನ್ನು ನಾವು ಹಳಿಯುವದಿಲ್ಲ. ಅಲ್ಲಿ ಕಲಿತ ವಚನಗಳೇ ಆ ರಾತ್ರಿ ನಮ್ಮ ಕೈಹಿಡಿದವು. ಬೇರೆ ಮತದ ಮನೆಗಳಿಂದ ಬಂದ ಸಹಪಾಠಿನಿಯರನ್ನು ಇದಕ್ಕೆ ಎಳೆಯಬೇಕೆಂದೂ ನಮ್ಮ ಅಭಿಪ್ರಾಯವಲ್ಲ, ಒತ್ತಾಯದಿಂದ ಸ್ನೇಹವಾಗುವದುಂಟೇ? ತಾಯಂದಿರಲ್ಲಿ ನಮ್ಮ ಬೇಡಿಕೆಯು ಇಷ್ಟೇ: ಎಷ್ಟು ವಚನ ಬಾಯಿಪಾಠವಾಯಿತೆಂದು ಕೇಳಿರಿ, ಏನು ಪ್ರಾರ್ಥಿಸಿದಿಯೆಂದು ಮಾತ್ರ ಕೇಳಬೇಡಿರಿ. ಶಾಲೆಯ ಹಿರಿಯರು ದಿನಕ್ಕೆ ಕಾಲು ತಾಸನ್ನು ಘಂಟೆಯಿಲ್ಲದೆ, ಹಾಜರಿಯಿಲ್ಲದೆ, ಇಷ್ಟವಿದ್ದ ಹುಡುಗಿಯರಿಗೆ ಬಿಟ್ಟುಕೊಡಲಿ. ಬೇವಿನ ಮರದ ಕೆಳಗೆ ಕೂತವಳೊಬ್ಬಳು ಆ ಕಾಲು ತಾಸಿನಲ್ಲಿ ನಿದ್ದೆಹೋದರೂ ಚಿಂತೆಯಿಲ್ಲ. ಅವಳ ಹೆಸರನ್ನು ಯಾರೂ ಬರೆದುಕೊಳ್ಳಬಾರದು.