ಕಡಲ್ಗಳ್ಳರ ಕಥೆ ನಮ್ಮ ಮಕ್ಕಳಿಗೆ ಬೇಕೆ?

ಶಾಲೆಯ ಗ್ರಂಥಭಂಡಾರಕ್ಕೆ ಪುಸ್ತಕಗಳನ್ನು ಆರಿಸಲು ಕುಳಿತಾಗಲೆಲ್ಲ ಒಂದು ಪ್ರಶ್ನೆ ತಲೆದೋರುತ್ತದೆ. ಬೆಳಗಿನ ಪ್ರಾರ್ಥನೆಯಲ್ಲಿ ಕಳವಿನ ನಿಷೇಧದಿಂದಲೇ ಆರಂಭವಾಗುವ ಬಸವಣ್ಣನವರ ವಚನವನ್ನು ಮಕ್ಕಳಿಂದ ಹೇಳಿಸುತ್ತೇವೆ. ಮಧ್ಯಾಹ್ನ ಅದೇ ಮಗುವಿನ ಕೈಗೆ ಹಡಗು ದೋಚುವವರ ಕಥೆಯನ್ನು ಕೊಡುತ್ತೇವೆ. ಇದು ಯಾವ ನ್ಯಾಯ? ಪೋಷಕರು ಕೇಳುವ ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವುದು ಅಧ್ಯಾಪಕನಿಗೆ ಶೋಭೆಯಲ್ಲ. ಆದರೆ ಬಹುಕಾಲ ಯೋಚಿಸಿದ ಮೇಲೆ ನನಗೆ ಹೊಳೆದ ಉತ್ತರ ಆ ಪುಸ್ತಕಗಳ ಪರವಾಗಿಯೇ ಇದೆ. ಅದಕ್ಕೆ ಕಾರಣಗಳನ್ನೂ, ಜೊತೆಗೊಂದು ನಿಬಂಧನೆಯನ್ನೂ ಈ ಸಂಚಿಕೆಯ ಓದುಗರ ಮುಂದಿಡಲು ಬಯಸುತ್ತೇನೆ.

ನಮ್ಮ ಮಕ್ಕಳು ಒಳನಾಡಿನವರು. ನಂಜನಗೂಡಿನ ಮಗುವಿಗೆ ಕಪಿಲೆಯ ಸೋಪಾನಗಳು ಗೊತ್ತು. ತಿರುಮಕೂಡಲಿನ ಮಗುವಿಗೆ ಸಂಗಮವೂ ಹರಿಗೋಲೂ ಗೊತ್ತು. ಕಡಲನ್ನು ಕಂಡವರು ತರಗತಿಯಲ್ಲಿ ಕೆಲವರೇ. ಆದರೂ ನಮ್ಮ ಸ್ನಾನಘಟ್ಟದ ಮುಂದೆ ಹರಿವ ನೀರು ಕಾವೇರಿಯನ್ನು ಕೂಡಿ ಬಂಗಾಳ ಕೊಲ್ಲಿಯತ್ತಲೇ ಸಾಗುತ್ತದೆ. ಆ ನೀರಿನ ಹಿಂದೆಯೇ ಮನಸ್ಸನ್ನು ಹರಿಯಬಿಡುವುದು ಹನ್ನೆರಡರ ವಯಸ್ಸಿನ ಸಹಜ ಧರ್ಮ. ದ್ವೀಪ, ನಕ್ಷೆ, ಬಿರುಗಾಳಿ, ಹೂತಿಟ್ಟ ನಿಧಿ ಇವುಗಳಿಗಾಗಿ ಆ ವಯಸ್ಸು ಹಂಬಲಿಸುತ್ತದೆ. ನಾವು ಕೊಡದಿದ್ದರೆ ಮಗು ಅದನ್ನು ಬೇರೆಡೆ, ಇನ್ನೂ ಅಗ್ಗದ ರೂಪದಲ್ಲಿ, ಇಂದಿನ ದಿನಗಳಲ್ಲಂತೂ ಕೈಯೊಳಗಿನ ದೂರವಾಣಿಯ ಆಟಗಳಲ್ಲಿ ಹುಡುಕಿಕೊಳ್ಳುತ್ತದೆ.

ಈ ಜಾತಿಯ ಕಥೆಗಳಿಗೆಲ್ಲ ಮೇಲ್ಪಂಕ್ತಿಯಾದುದು ಸ್ಟೀವನ್‌ಸನ್ನನ 'ಟ್ರೆಷರ್ ಐಲೆಂಡ್'. 1881ರಲ್ಲಿ ಸ್ಕಾಟ್ಲೆಂಡಿನ ಬ್ರೇಮಾರಿನಲ್ಲಿ, ಹೆಂಡತಿಯ ಮಗನಾದ ಬಾಲಕನೊಡನೆ ಕಳೆದ ಬಿಡುವಿನ ದಿನಗಳಲ್ಲಿ, ಒಂದು ದ್ವೀಪದ ನಕ್ಷೆಯಿಂದ ಹುಟ್ಟಿದ ಕಥೆ ಅದು, 1883ರಲ್ಲಿ ಪುಸ್ತಕವಾಯಿತು. ಆ ಪುಸ್ತಕವನ್ನು ಕಳ್ಳರ ಪುಸ್ತಕವೆಂದು ದೂರುವವರು ಅದರ ಆರಂಭದ ಒಂದು ಸನ್ನಿವೇಶವನ್ನು ನೆನೆಯಬೇಕು. ವಸತಿಗೃಹದಲ್ಲಿ ತಂಗಿದ್ದ ಮುದಿ ಕಡಲ್ಗಳ್ಳ ಸತ್ತಿದ್ದಾನೆ. ಅವನ ಸಂಗಡಿಗರು ಹೊಂಚುಹಾಕಿ ಬರುತ್ತಿದ್ದಾರೆ. ಬಾಲಕ ಜಿಮ್‌ನ ತಾಯಿ, ಗಂಡನನ್ನು ಕಳೆದುಕೊಂಡ ಬಡ ಹೆಂಗಸು, ಸತ್ತವನ ಪೆಟ್ಟಿಗೆಯ ಮುಂದೆ ಕುಳಿತು ನಾಣ್ಯ ಎಣಿಸುತ್ತಾಳೆ. ಪ್ರಾಣಕ್ಕೆ ಕುತ್ತು ಬಂದಿರುವ ಆ ಗಳಿಗೆಯಲ್ಲಿಯೂ ತನಗೆ ಸಲ್ಲಬೇಕಾದ ಬಾಕಿಯನ್ನು ಬಿಟ್ಟು ಒಂದು ಕಾಸನ್ನೂ ಹೆಚ್ಚಿಗೆ ಮುಟ್ಟಲೊಲ್ಲಳು. ದುಡಿದುದಷ್ಟೇ ನನ್ನದು ಎಂಬ ಈ ನಿಲುವನ್ನು ಕಾಯಕದ ಮಾತನ್ನು ಕೇಳಿ ಬೆಳೆದ ನಮ್ಮ ಮಕ್ಕಳಿಗೆ ಬಿಡಿಸಿ ಹೇಳಬೇಕಾದುದಿಲ್ಲ.

ಇನ್ನು ಆ ಕಥೆಯ ಸಿಲ್ವರ್. ಒಂಟಿಕಾಲಿನವನು, ಸವಿಮಾತಿನವನು, ಬಾಲಕನನ್ನು ಅಕ್ಕರೆಯಿಂದ ಕಾಣುವವನು. ಸೇಬಿನ ಪೀಪಾಯಿಯೊಳಗೆ ಇಳಿದಿದ್ದ ಜಿಮ್ ಅದೇ ಸವಿಬಾಯಿಯಿಂದ ಕೊಲೆಯ ಸಂಚು ಹೊರಡುವುದನ್ನು ಕೇಳುತ್ತಾನೆ. ಕೆಡುಕು ಯಾವಾಗಲೂ ಕೋರೆಹಲ್ಲು ಹೊತ್ತು ಬರುವುದಿಲ್ಲ, ಕೆಲವೊಮ್ಮೆ ಬೆನ್ನು ತಟ್ಟುತ್ತಲೂ ಬರುತ್ತದೆ ಎಂಬುದನ್ನು ಹತ್ತು ಉಪನ್ಯಾಸಗಳಿಗಿಂತ ಆ ಒಂದು ಅಧ್ಯಾಯ ಚೆನ್ನಾಗಿ ಮನಗಾಣಿಸುತ್ತದೆ. ನಿಧಿ ದೊರೆತ ಮೇಲೂ ಜಿಮ್ ಆ ದ್ವೀಪಕ್ಕೆ ಮರಳಲಾರೆನೆನ್ನುತ್ತಾನೆ; ಅವನ ಕನಸುಗಳೂ ಕೆಟ್ಟಿವೆ. ಇದನ್ನು ಓದಿದ ಮಗು ಕಳವಿಗೆ ಮರುಳಾದೀತೆಂದು ನಾನು ನಂಬಲಾರೆ.

ಹಾಗೆಂದು ಈ ಜಾತಿಯ ಬರವಣಿಗೆಯೆಲ್ಲ ಒಳ್ಳೆಯದೆಂದು ನನ್ನ ವಾದವಲ್ಲ. ಹಲವು ಪುಸ್ತಕಗಳಲ್ಲಿ ಕೊಳ್ಳೆ ಹೊಡೆದವನಿಗೆ ನೂರು ಪುಟ, ಕೊಳ್ಳೆಹೋದವನಿಗೆ ಒಂದು ಸಾಲೂ ಇಲ್ಲ. ಆದುದರಿಂದಲೇ ನನ್ನ ನಿಬಂಧನೆ ಇದು: ಸುಲಿಗೆಗೆ ಒಳಗಾದವನ ಮುಖವೂ ಕಾಣುವ ಕಥೆಯನ್ನು ಆರಿಸೋಣ, ಕಾಣದ ಕಥೆಯನ್ನು ಬಿಡೋಣ. ಕಡಲ್ಗಳ್ಳತನ ಮುಗಿದುಹೋದ ಬೆಡಗಿನ ಸಂಗತಿಯಲ್ಲ. 2024ರ ಮಾರ್ಚಿನಲ್ಲಿ ನಮ್ಮ ನೌಕಾಪಡೆ 'ರುಯೆನ್' ಎಂಬ ಅಪಹೃತ ಹಡಗನ್ನು ಬಿಡಿಸಿ, ಸೆರೆಯಾಗಿದ್ದ 17 ನಾವಿಕರನ್ನು ಉಳಿಸಿತು; 35 ಮಂದಿ ಕಡಲ್ಗಳ್ಳರು ಶರಣಾದರು. ಆ ನಾವಿಕರ ಮನೆಯವರ ಪಾಲಿಗೆ ಇದು ಸಾಹಸದ ಕಥೆಯಾಗಿರಲಿಲ್ಲ.

ಸುಲಿಗೆಗೆ ಒಳಗಾದವರ ಮುಖವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ನಮ್ಮ ಕನ್ನಡ ಕರಾವಳಿಯೇ ಸಾಕು. ಮೊದಲನೆಯ ಶತಮಾನದ ರೋಮನ್ ಲೇಖಕ ಪ್ಲಿನಿ, ಈ ತೀರದ ನಿತ್ರಿಯಾಸ್ ಎಂಬ ಎಡೆಯ ಕಡಲ್ಗಳ್ಳರ ವಿಷಯವಾಗಿ ವರ್ತಕರನ್ನು ಎಚ್ಚರಿಸಿದ್ದಾನೆ. ಅದನ್ನು ನೇತ್ರಾವತಿಯ ದಡದೊಡನೆ ಗುರುತಿಸುವ ವಿದ್ವಾಂಸರಿದ್ದಾರೆ. ಹದಿಮೂರನೆಯ ಶತಮಾನದ ಕೊನೆಯಲ್ಲಿ ಬಂದ ಮಾರ್ಕೊ ಪೋಲೊ, ಮಲಬಾರು ಮತ್ತು ಗುಜರಾತುಗಳಿಂದ ವರ್ಷವರ್ಷವೂ ನೂರಕ್ಕೆ ಮಿಕ್ಕಿದ ಕಳ್ಳಹಡಗುಗಳು ಹೊರಡುತ್ತವೆಂದೂ, ಇಪ್ಪತ್ತು ಮೂವತ್ತು ಹಡಗುಗಳು ಸಾಲಾಗಿ ನಿಂತು ಬೆಂಕಿಯಿಂದಲೋ ಹೊಗೆಯಿಂದಲೋ ಒಂದಕ್ಕೊಂದು ಸನ್ನೆ ಮಾಡುತ್ತವೆಂದೂ ವಿವರಿಸಿದ್ದಾನೆ. ಹದಿನಾಲ್ಕನೆಯ ಶತಮಾನದ ಪ್ರವಾಸಿ ಇಬ್ನ್ ಬತೂತನನ್ನು ಹೊನ್ನಾವರಕ್ಕೂ ಬಾರಕೂರಿಗೂ ನಡುವಣ ಕಿರುದ್ವೀಪವೊಂದರ ಬಳಿ ಹನ್ನೆರಡು ಹಡಗುಗಳು ಸುತ್ತುವರಿದವು. ರತ್ನಗಳು ಹೋದವು, ಬಟ್ಟೆಬರೆ ಹೋಯಿತು. ಉಳಿದುದು ಉಟ್ಟ ಇಜಾರವೊಂದೇ. ಬೊಖಾರದ ವಿದ್ವಾಂಸರ ಸಮಾಧಿಗಳ ಮೇಲಿನ ಬರಹಗಳನ್ನು ಅವನು ಶ್ರಮಪಟ್ಟು ಪ್ರತಿಮಾಡಿಕೊಂಡಿದ್ದನು; ಆ ಹಾಳೆಗಳೂ ಆ ಕೊಳ್ಳೆಯಲ್ಲಿಯೇ ಹೋದವು. ರತ್ನ ಕದ್ದವರಿಗೆ ಆ ಹಾಳೆಗಳಿಂದ ಬಂದ ಲಾಭವೇನು? ಓದುಬರಹದ ಬೆಲೆ ಬಲ್ಲ ಯಾವ ವಿದ್ಯಾರ್ಥಿಯಾದರೂ ಇಲ್ಲಿ ಒಂದು ಕ್ಷಣ ನಿಲ್ಲದೆ ಇರಲಾರನು.

ಹೂತಿಟ್ಟ ನಿಧಿಯ ಕಥೆಗಳ ಮೂಲಪುರುಷನೆನ್ನಬಹುದಾದ ಕ್ಯಾಪ್ಟನ್ ಕಿಡ್ ಕೂಡ ನಮ್ಮ ದಡ ಮುಟ್ಟಿದವನೇ. ಕಡಲ್ಗಳ್ಳರನ್ನು ಹಿಡಿಯಲೆಂದು ಇಂಗ್ಲೆಂಡಿನ ದೊರೆಯ ಸನ್ನದು ಪಡೆದು ಹೊರಟವನು 1697ರಲ್ಲಿ ನೀರು ತುಂಬಿಕೊಳ್ಳಲು ಕಾರವಾರಕ್ಕೆ ಬಂದನು. ಅಲ್ಲಿ ಅವನ ಹಡಗನ್ನು ತೊರೆದ ಕೆಲವರು ಇಂಗ್ಲಿಷರ ಕೋಠಿಗೆ ಅವನ ನಡತೆಯನ್ನು ತಿಳಿಸಿದರು. ಮರುವರ್ಷ ಕೇರಳ ತೀರದಲ್ಲಿ ಅವನು ಸರಕುಹಡಗೊಂದನ್ನು ವಶಮಾಡಿಕೊಂಡನು. 1701ರಲ್ಲಿ ಲಂಡನ್ನಿನಲ್ಲಿ ನೇಣಿಗೇರಿದನು. ಕಳ್ಳರನ್ನು ಹಿಡಿಯಹೋದವನು ಕಳ್ಳನೆಂದೇ ಸತ್ತನು. ನ್ಯೂಯಾರ್ಕಿನ ಬಳಿಯ ದ್ವೀಪದಲ್ಲಿ ಅವನು ಹೂತಿಟ್ಟ ಐಶ್ವರ್ಯದ ಸುದ್ದಿ ಮುಂದೆ ಎಷ್ಟೋ ಕಥೆಗಳಿಗೆ ಬೀಜವಾಯಿತು. ಸಿಲ್ವರನ ಹೆಗಲ ಮೇಲಿನ ಗಿಳಿಯೂ ಮಲಬಾರನ್ನು ಕಂಡದ್ದೇ, ಗೋವೆಯ ವೈಸರಾಯನ ಹಡಗಿನ ಕೊಳ್ಳೆಗೆ ಸಾಕ್ಷಿಯಾದದ್ದೇ. ಆದರೆ ಆ ಕಥೆಗಳಲ್ಲಿ ನಮ್ಮ ಕರಾವಳಿ ಗಿಳಿಯ ಜಂಬಕ್ಕೆ ಸಿಕ್ಕ ಹೆಸರು ಮಾತ್ರ, ಅಲ್ಲಿ ಮನುಷ್ಯರಿಲ್ಲ. ಆ ಕೊರತೆಯನ್ನು ತುಂಬಬೇಕಾದವರು ನಾವು.

ಹೊನ್ನಾವರದ ತಿಮ್ಮಯ್ಯನನ್ನು ನೋಡಿರಿ. ಪೋರ್ಚುಗೀಸರ ಬರಹಗಳಲ್ಲಿ ಅವನು ತಿಮೋಜ. ಅವರ ಎಣಿಕೆಯಲ್ಲಿ ಕಡಲ್ಗಳ್ಳ. ಆದರೆ 1510ರಲ್ಲಿ ಆಲ್ಬುಕರ್ಕನು ಗೋವೆಯನ್ನು ಹಿಡಿದಾಗ ಅವನಿಗೆ ದಾರಿ ತೋರಿ ಹಡಗು ಕೂಡಿಸಿದವನು ಇದೇ ತಿಮ್ಮಯ್ಯ. ಆಗ ಅವನು ಮಿತ್ರನಾದನು! ಅದೇ ಪೋರ್ಚುಗೀಸರು ತಮ್ಮ ರಹದಾರಿಯಿಲ್ಲದ ಹಡಗುಗಳನ್ನು ನಡುಗಡಲಿನಲ್ಲಿ ಹಿಡಿದು ಸರಕನ್ನು ಮುಟ್ಟುಗೋಲು ಹಾಕಿಕೊಂಡರು. ಅದಕ್ಕೆ ಅವರು ಇಟ್ಟ ಹೆಸರು ಕಾನೂನು. ಇಂಗ್ಲಿಷರು ಕಡಲ್ಗಳ್ಳನೆಂದು ಹಳಿದ ಕಾನ್ಹೋಜಿ ಆಂಗ್ರೆಯ ಹೆಸರನ್ನು ಇಂದು ಮುಂಬಯಿಯಲ್ಲಿನ ನಮ್ಮ ನೌಕಾಪಡೆಯ ನೆಲೆಯೊಂದು ಹೊತ್ತಿದೆ. ಹಾಗಾದರೆ ಕಳ್ಳ ಯಾರು? ಬರೆಯುವ ಲೇಖನಿ ಯಾರ ಕೈಯಲ್ಲಿತ್ತು? ಎಂಟನೆಯ ತರಗತಿಯ ಮಕ್ಕಳನ್ನು ಎರಡು ಪಕ್ಷವಾಗಿ ಕೂರಿಸಿ ತಿಮ್ಮಯ್ಯನ ವಿಚಾರಣೆ ನಡೆಸಿದರೆ, ಇತಿಹಾಸದ ಪಾಠವೂ ನೀತಿಯ ಪಾಠವೂ ಒಂದೇ ಗಂಟೆಯಲ್ಲಿ ಆದೀತು.

ಒಳನಾಡಿನವರಾದ ನಮಗೂ ಇಂಥ ಕಥೆ ಇಲ್ಲದಿಲ್ಲ. ತಿ. ನರಸೀಪುರ ತಾಲ್ಲೂಕಿನ ತಲಕಾಡಿನ ಮರಳನ್ನು ತುಳಿದ ಮಗುವಿಗೆ ಅಲಮೇಲಮ್ಮನ ಐತಿಹ್ಯ ಗೊತ್ತು. ಒಡವೆಗಳಿಗಾಗಿ ಅರಸನ ಭಟರು ಬೆನ್ನಟ್ಟಿದರು. ಆಕೆ ಶಾಪವಿತ್ತು ಮಾಲಂಗಿಯ ಬಳಿ ಕಾವೇರಿಗೆ ಹಾರಿದಳು. ಇಲ್ಲಿ ನಿಧಿಯಿದೆ, ಬೆನ್ನಟ್ಟುವವರಿದ್ದಾರೆ, ನೀರಿದೆ. ಜೊತೆಗೆ ಕಳೆದುಕೊಂಡವಳ ದನಿಯೂ ಇದೆ. ನಾಲ್ಕು ನೂರು ವರ್ಷಗಳಾದರೂ ಜನ ನೆನೆಯುವುದು ಒಡವೆಯನ್ನಲ್ಲ, ಆ ದನಿಯನ್ನು. ನಾನು ಮೇಲೆ ಹೇಳಿದ ನಿಬಂಧನೆಯನ್ನು ನಮ್ಮ ಜನಪದರು ತಾವಾಗಿಯೇ ಪಾಲಿಸಿದ್ದಾರೆ.

ಆದುದರಿಂದ ಮೂವರಲ್ಲಿ ನನ್ನ ಬಿನ್ನಹ. ಅಧ್ಯಾಪಕ ಮಿತ್ರರು ಈ ಪುಸ್ತಕಗಳನ್ನು ಬೀರುವಿನಲ್ಲಿ ಬೀಗ ಹಾಕಿಡದೆ ತರಗತಿಗೆ ತಂದು ಓದಿ ಹೇಳಲಿ. ನಾಣ್ಯ ಎಣಿಸುವ ತಾಯಿಯ ಮುಂದೆ ಒಂದು ಗಳಿಗೆ ನಿಲ್ಲಿಸಿ ಮುಂದುವರಿಯಲಿ. ಹಳೆಯ ವಿದ್ಯಾರ್ಥಿಗಳಲ್ಲಿ ಲೇಖನಿ ಹಿಡಿಯಬಲ್ಲವರು ತಿಮ್ಮಯ್ಯನನ್ನೂ, ಹಾಳೆಗಳನ್ನು ಕಳೆದುಕೊಂಡ ಆ ಪ್ರವಾಸಿಯನ್ನೂ ಹನ್ನೆರಡರ ಮಕ್ಕಳಿಗೆ ತಿಳಿಯುವ ಕನ್ನಡದಲ್ಲಿ ಬರೆದುಕೊಡಲಿ. ಕೊಠಡಿಗಳನ್ನು ಕಟ್ಟಿಸಿಕೊಟ್ಟ ದಾನಿ ಮಹನೀಯರು ಆ ಕೊಠಡಿಯ ಗೋಡೆಗೊಂದು ಪುಸ್ತಕದ ಕಪಾಟನ್ನೂ, ವರ್ಷಕ್ಕೊಮ್ಮೆ ಹೊನ್ನಾವರದ ಕಡಲದಂಡೆಗೆ ಮಕ್ಕಳನ್ನು ಕರೆದೊಯ್ಯುವ ಪ್ರವಾಸದ ವೆಚ್ಚವನ್ನೂ ತಮ್ಮ ದಾಸೋಹಕ್ಕೆ ಸೇರಿಸಿಕೊಳ್ಳಲಿ.

ಕಳಬಾರದೆಂದು ಬಾಯಲ್ಲಿ ಹೇಳುವುದು ಸುಲಭ. ಕಳೆದುಕೊಂಡವನ ಸಂಕಟವನ್ನು ಒಮ್ಮೆ ಅನುಭವಿಸಿದ ಮನಸ್ಸಿಗೆ ಮಾತ್ರ ಆ ಮಾತು ಬೇರೂರುತ್ತದೆ. ಆ ಅನುಭವವನ್ನು ಯಾರಿಗೂ ನೋವಾಗದಂತೆ ಮಗುವಿಗೆ ತಂದುಕೊಡಬಲ್ಲದು ಒಳ್ಳೆಯ ಕಥೆ. ಬೆಳಗಿನ ಪ್ರಾರ್ಥನೆಗೂ ಮಧ್ಯಾಹ್ನದ ಓದಿಗೂ ನಡುವೆ ನನಗೆ ವಿರೋಧ ಕಾಣದಿರುವುದು ಈ ಕಾರಣದಿಂದಲೇ.