ಬಾಗಿಲು ಹಾಕಿಕೊಂಡ ಕಪ್ಪೆಚಿಪ್ಪು

ಹೋದ ವಾರ ಆನ್-ಕಾಲ್ ಡ್ಯೂಟಿ ನನ್ನದು. ರಾತ್ರಿ ಎರಡಕ್ಕೆ ಅಲರ್ಟ್ ಬಂತು. ದಿನಾ ಬರೋದೇ ಅಂತ ಮ್ಯೂಟ್ ಮಾಡಿ ಮಲಗಿದೆ. ಬೆಳಗ್ಗೆ ನೋಡಿದರೆ ಸರ್ವರ್ ನಾಲ್ಕು ತಾಸಿನಿಂದ ನಿಂತಿತ್ತು. ಬೈಸಿಕೊಂಡದ್ದಾಯಿತು, ಬಿಡಿ.

ಆಮೇಲೆ ಸಹೋದ್ಯೋಗಿಯೊಬ್ಬರು ಇಂಥದ್ದೇ ಅಲಾರಂ ಕಥೆಯೊಂದನ್ನು ಹೇಳಿದರು. ಅಮೆರಿಕದ ಮಿಶಿಗನ್ ರಾಜ್ಯದ್ದು. 2010ರ ಜುಲೈ 25ರ ಸಂಜೆ, ಮಾರ್ಷಲ್ ಎಂಬ ಊರಿನ ಹತ್ತಿರ ಎನ್‌ಬ್ರಿಡ್ಜ್ ಕಂಪನಿಯ ಕಚ್ಚಾತೈಲದ ಪೈಪ್‌ಲೈನ್ ಸೀಳಿತು. ಕಂಟ್ರೋಲ್ ರೂಮಿನಲ್ಲಿ ಅಲಾರಂಗಳು ಹೊಡೆದುಕೊಂಡವು. ಪೈಪಿನೊಳಗೆ ತೈಲದ ನಡುವೆ ಖಾಲಿಜಾಗ ಆಗಿರಬೇಕು ಎಂದುಕೊಂಡು ಎರಡು ಸಲ ಪಂಪ್ ಮತ್ತೆ ಚಾಲೂ ಮಾಡಿದರು. ಗೊತ್ತಾದದ್ದು 17 ಗಂಟೆ ಕಳೆದು, ಹೊರಗಿನವರೊಬ್ಬರು ಫೋನ್ ಮಾಡಿದ ಮೇಲೆ. ಸುಮಾರು 32 ಲಕ್ಷ ಲೀಟರ್ ಹೊರಬಿದ್ದು, ತೊರೆಯೊಂದರ ಮೂಲಕ ಕಲಮಜೂ ನದಿಗೆ ಸೇರಿತ್ತು. ಅದರಲ್ಲಿ ಶೇ. 81ರಷ್ಟು ಆ ಎರಡು ಸಲದ ಪಂಪಿಂಗ್‌ನದೇ!

ನನ್ನನ್ನು ಕಾಡಿದ್ದು ಮಾತ್ರ ಆ ನದಿ ತಳದ ಕಪ್ಪೆಚಿಪ್ಪುಗಳು. ಊರಲ್ಲಿ ಹೊಳೆಯಿಂದ ತಂದು, ಕಲ್ಲಿಗೆ ತಿಕ್ಕಿ ತೂತು ಮಾಡಿ, ಮಾವಿನಕಾಯಿ ಸಿಪ್ಪೆ ಹೆರೆಯುತ್ತಿದ್ದೆವಲ್ಲ, ಅದೇ ಜಾತಿ. ಅದರೊಳಗೊಂದು ಜೀವ ಇತ್ತು ಅಂತ ಆಗ ಹೊಳೆದೇ ಇರಲಿಲ್ಲ.

ಆ ಜೀವ ನೀರನ್ನು ಒಳಗೆಳೆದು, ಸೋಸಿ, ಪಾಚಿ ತಿಂದು ಬದುಕುತ್ತದೆ. ದೊಡ್ಡದಾದರೆ ದಿನಕ್ಕೆ ಹತ್ತಾರು ಲೀಟರ್ ಸೋಸುತ್ತದೆ. ತೈಲ ಬಂದರೆ ಮೀನು ಓಡೀತು. ಇದು ಚಿಪ್ಪು ಮುಚ್ಚಿಕೊಂಡು ಕೂರಬೇಕಷ್ಟೆ. ಆದರೆ ಎಷ್ಟು ದಿನ? ಉಸಿರಿಗೆ, ಊಟಕ್ಕೆ ತೆರೆಯಲೇಬೇಕು. ತೆರೆದರೆ ತೈಲವೂ ಒಳಗೆ. ತೈಲದಲ್ಲಿರುವ ಪಿಎಎಚ್ ಎಂಬ ರಾಸಾಯನಿಕಗಳನ್ನು ಮೀನಿನ ಪಿತ್ತಜನಕಾಂಗ ಒಡೆದು ಹೊರಹಾಕುತ್ತದೆ. ಕಪ್ಪೆಚಿಪ್ಪಿಗೆ ಆ ಶಕ್ತಿ ತೀರಾ ಕಡಿಮೆ, ಮಾಂಸದಲ್ಲೇ ಸೇರಿಕೊಳ್ಳುತ್ತವೆ. ಮರಿಗಳ ಪಾಡು ಇನ್ನೊಂದು. ಅವು ಮೊದಲ ಕೆಲವು ವಾರ ಮೀನಿನ ಕಿವಿರಿಗೆ ಅಂಟಿಕೊಂಡೇ ಬೆಳೆಯಬೇಕು. ಓಡಿಹೋದ ಮೀನನ್ನು ಎಲ್ಲಿ ಹುಡುಕುವುದು?

ಕಲಮಜೂಗೆ ಬಿದ್ದದ್ದು ಡಾಂಬರಿನಂಥ ಬಿಟುಮೆನ್, ಪೈಪಿನಲ್ಲಿ ಹರಿಯಲೆಂದು ತೆಳು ದ್ರಾವಕ ಬೆರೆಸಿದ್ದು. ದ್ರಾವಕ ಆವಿಯಾಯಿತು, ಉಳಿದದ್ದರಲ್ಲಿ ಒಂದಷ್ಟು ಮುಳುಗಿ ಕಪ್ಪೆಚಿಪ್ಪಿನ ಮನೆಗೇ ಇಳಿಯಿತು. ಅದನ್ನು ತೆಗೆಯಲು ತಳ ಕೆದಕಿದರು, ಹೂಳೆತ್ತಿದರು, ದೋಣಿ ಓಡಿಸಿದರು. ಮಾಡದೆ ವಿಧಿಯಿರಲಿಲ್ಲ. ಆದರೆ ಆ ಗದ್ದಲದಲ್ಲೂ ಎಷ್ಟೋ ಕಪ್ಪೆಚಿಪ್ಪುಗಳು ಪುಡಿಯಾದವು.

ಭಾನುವಾರ ಅಮ್ಮನಿಗೆ ಫೋನ್ ಮಾಡಿ, ನಮ್ಮ ಹೊಳೆಯಲ್ಲಿ ಈಗಲೂ ಕಪ್ಪೆಚಿಪ್ಪು ಸಿಗುತ್ತದಾ ಅಂತ ಕೇಳಿದೆ.

"ಪೀಲರ್ ಬಂದ ಮೇಲೆ ಯಾರು ಹುಡುಕಿದ್ದಾರೋ?" ಅಂದಳು.