ನಮ್ಮ ಖಾತೆ ನಮಗೆ ಕಾಣಲಿ

ಸಾಹುಕಾರನ ಖಾತೆ ಪುಸ್ತಕವನ್ನು ನಮ್ಮ ಜಿಲ್ಲೆಯ ಹಿರಿಯರು ಇನ್ನೂ ಮರೆತಿಲ್ಲ. ಹತ್ತು ಕೊಟ್ಟು ನೂರು ಬರೆದುಕೊಳ್ಳುತ್ತಿದ್ದ ಆ ಪುಸ್ತಕಕ್ಕೆ ನಾವು ಹಿಂದೆಯೂ ಹೊಗಳಿಕೆ ಹಾಡಿದವರಲ್ಲ, ಇಂದೂ ಹಾಡುವುದಿಲ್ಲ. ಆದರೆ ಒಂದು ಮಾತನ್ನು ಒಪ್ಪಬೇಕು. ಆ ಪುಸ್ತಕ ಊರಲ್ಲೇ ಇತ್ತು. ಅಕ್ಷರ ಬಲ್ಲ ಒಬ್ಬನನ್ನು ಜೊತೆಗೆ ಕರೆದುಕೊಂಡು ಹೋಗಿ, ಜಗುಲಿಯ ಮೇಲೆ ಕುಳಿತು, "ನನ್ನ ಲೆಕ್ಕ ತೆಗೆಯಿರಿ ಸಾಹುಕಾರರೇ, ನೋಡೋಣ" ಎಂದು ಕೇಳುವ ಅವಕಾಶವಾದರೂ ಇತ್ತು. ಇಂದು ನಮ್ಮ ಸಾಲದ ಲೆಕ್ಕವನ್ನು ಬರೆಯುತ್ತಿರುವವರು ಯಾರು, ಅದರಲ್ಲಿ ಏನು ಬರೆದಿದ್ದಾರೆ ಎಂಬುದು ನಮ್ಮಲ್ಲಿ ಬಹುಮಂದಿಗೆ ತಿಳಿಯದು. ಬ್ಯಾಂಕಿನ ಮೇಜಿನ ಆಚೆಯಿಂದ "ನಿಮ್ಮ ಸಿಬಿಲ್ ಸರಿಯಿಲ್ಲ" ಎಂಬ ಮಾತು ಬಂದಾಗಲೇ ಅಂತಹ ಒಂದು ಖಾತೆ ಇದೆಯೆಂದು ಗೊತ್ತಾಗುವುದು.

ಈ ಮಾತು ಕೇಳಿಸಿಕೊಂಡ ಮಿಲ್ ಕಾರ್ಮಿಕರೊಬ್ಬರು ಈಚೆಗೆ ನಮ್ಮ ಕಚೇರಿಗೆ ಬಂದಿದ್ದರು. ಮಗಳನ್ನು ನರ್ಸಿಂಗ್ ಓದಿಸಲು ಸಾಲ ಕೇಳಿದ್ದರು. ಅರ್ಜಿ ಹಿಂದಕ್ಕೆ ಬಂತು. ಇಡೀ ಜೀವಮಾನದಲ್ಲಿ ಅವರು ಮಾಡಿದ್ದು ಒಂದೇ ಸಾಲ, ದ್ವಿಚಕ್ರ ವಾಹನದ್ದು. ಅದನ್ನು ಮೂರು ವರ್ಷಗಳ ಹಿಂದೆಯೇ ತೀರಿಸಿ, ಬಾಕಿಯಿಲ್ಲವೆಂಬ ಪತ್ರವನ್ನೂ ಪಡೆದು ಟ್ರಂಕಿನಲ್ಲಿಟ್ಟಿದ್ದರು. ಸಂಗತಿ ಏನೆಂದು ತಿಳಿಯಲು ಪೇಟೆಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಐದುನೂರು ರೂಪಾಯಿ ತೆತ್ತರು. ತೆಗೆದ ಹಾಳೆಯಲ್ಲಿ, ತೀರಿದ ಆ ಸಾಲ ಇನ್ನೂ ಜೀವಂತವಾಗಿತ್ತು. 1,180 ರೂಪಾಯಿ ಬಾಕಿ ಎಂದಿತ್ತು. ಸಾಲ ಕೊಟ್ಟ ಕಂಪನಿ ತನ್ನ ಪುಸ್ತಕದಲ್ಲಿ ಅದನ್ನು ಮುಚ್ಚಿತ್ತು, ಮುಚ್ಚಿದ ಸಂಗತಿಯನ್ನು ಮೇಲಕ್ಕೆ ತಿಳಿಸಿರಲಿಲ್ಲ. ದೂರು ಕೊಟ್ಟ ಇಪ್ಪತ್ತಾರನೆಯ ದಿನ ತಪ್ಪು ತಿದ್ದಿತು. ಅಷ್ಟರಲ್ಲಿ ಕಾಲೇಜಿಗೆ ಹಣ ಕಟ್ಟುವ ಗಡುವು ಮುಗಿಯುವುದರಲ್ಲಿತ್ತು. ಅವರು ತಿಂಗಳಿಗೆ ನೂರಕ್ಕೆ ಐದರ ಬಡ್ಡಿಗೆ ಕೈಸಾಲ ತಂದು ಕಟ್ಟಿದರು. ಆ ಬಡ್ಡಿ ಇಂದಿಗೂ ನಡೆಯುತ್ತಿದೆ.

ಅರ್ಜಿ ಹಾಕುವ ಎರಡು ತಿಂಗಳ ಮೊದಲೇ ಆ ಹಾಳೆಯನ್ನು ಅವರು ನೋಡಿದ್ದರೆ? ಮತ್ತು ಐದುನೂರು ಏತಕ್ಕೆ, ಐದು ಪೈಸೆಯನ್ನೂ ಕೊಡದೆ ನೋಡಬಹುದೆಂದು ಯಾರಾದರೂ ಹೇಳಿದ್ದರೆ? ಹೇಳಬೇಕಾದವರಲ್ಲಿ ನಾವೂ ಒಬ್ಬರು. ಹೇಳದೆ ಇದ್ದುದು ನಮ್ಮ ತಪ್ಪೂ ಹೌದು.

ವಿಷಯ ಇಷ್ಟು. ನಮ್ಮ ದೇಶದಲ್ಲಿ ಜನರ ಸಾಲದ ಚರಿತ್ರೆಯನ್ನು ಬರೆದಿಡಲು ರಿಸರ್ವ್ ಬ್ಯಾಂಕಿನ ಅನುಮತಿ ಪಡೆದ ಕಂಪನಿಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಕ್ರಿಫ್ ಹೈ ಮಾರ್ಕ್. ಸಿಬಿಲ್ 2000ದಲ್ಲಿ ಹುಟ್ಟಿದಾಗ ಅದರ ಬಂಡವಾಳದ ದೊಡ್ಡ ಪಾಲು ನಮ್ಮ ದೇಶದ ಸಂಸ್ಥೆಗಳದೇ ಆಗಿತ್ತು. ಈಗ ಅದರ ಒಡೆತನ ಷಿಕಾಗೋ ನಗರದ ಕಂಪನಿಯ ಕೈಯಲ್ಲಿದೆ. ಉಳಿದ ಮೂರರ ಮೂಲ ಮನೆಗಳು ಡಬ್ಲಿನ್, ಅಟ್ಲಾಂಟಾ ಮತ್ತು ಇಟಲಿಯ ಬೊಲೊನ್ಯಾದಲ್ಲಿವೆ. ನಮ್ಮ ಪೇಟೆಯ ಕಿರಾಣಿ ಅಂಗಡಿಯವನು ಯಾವ ತಿಂಗಳು ಕಂತು ತಪ್ಪಿಸಿದನೆಂಬುದು ಬೊಲೊನ್ಯಾದವರ ವ್ಯಾಪಾರದ ಸರಕಾಗಿದೆ! ಮಾಹಿತಿಯನ್ನು ನಮ್ಮಿಂದ ಬಿಟ್ಟಿಯಾಗಿ ಪಡೆದು, ಬ್ಯಾಂಕುಗಳಿಗೆ ಮಾರಿ, ಕೊನೆಗೆ ಅದನ್ನೇ ನಮಗೂ ಮಾರುವುದಕ್ಕೆ ಏನೆನ್ನಬೇಕು?

ಆದರೆ ಮಾರುವುದಕ್ಕೆ ಕಾನೂನು ಸ್ವಲ್ಪ ಕಡಿವಾಣ ಹಾಕಿದೆ. 2005ರ ಸಾಲ ಮಾಹಿತಿ ಕಂಪನಿಗಳ ಕಾಯಿದೆ ಸಾಲಗಾರನಿಗೆ ತನ್ನ ಮಾಹಿತಿಯನ್ನು ಪಡೆಯುವ, ತಿದ್ದಿಸುವ ಹಕ್ಕನ್ನು ಕೊಟ್ಟಿದೆ. 2017ರಿಂದ ಪ್ರತಿಯೊಂದು ಕಂಪನಿಯೂ ಪ್ರತಿಯೊಬ್ಬನಿಗೆ ವರ್ಷಕ್ಕೊಮ್ಮೆ, ಜನವರಿಯಿಂದ ಡಿಸೆಂಬರ್ ಒಳಗೆ, ಪೂರ್ಣ ವರದಿಯನ್ನು ಅಂಕದ ಸಹಿತ ಉಚಿತವಾಗಿ ಕೊಡತಕ್ಕದ್ದೆಂದು ರಿಸರ್ವ್ ಬ್ಯಾಂಕ್ ವಿಧಿಸಿದೆ. ನಾಲ್ಕು ಕಂಪನಿ, ನಾಲ್ಕು ವರದಿ. ಮೂರು ಮೂರು ತಿಂಗಳಿಗೆ ಒಂದೊಂದರಂತೆ ತೆಗೆಸಿದರೆ ವರ್ಷವಿಡೀ ಒಂದು ಕಣ್ಣು ಇಟ್ಟಂತಾಯಿತು, ಖರ್ಚು ಸೊನ್ನೆ. ತನ್ನ ವರದಿಯನ್ನು ತಾನೇ ನೋಡಿದರೆ ಅಂಕ ಇಳಿಯುತ್ತದೆಂಬ ಮಾತು ಪೇಟೆಯಲ್ಲಿ ಓಡಾಡುತ್ತಿದೆ. ಅದು ಸುಳ್ಳು.

ಉಚಿತ ವರದಿಯ ಕೊಂಡಿಯನ್ನು ತಮ್ಮ ಜಾಲತಾಣದಲ್ಲಿ ಎದ್ದು ಕಾಣುವಂತೆ ಇಡಬೇಕೆಂದು ಈ ಕಂಪನಿಗಳಿಗೆ ಆಜ್ಞೆಯಿದೆ. ಅದರ ಪಕ್ಕದಲ್ಲೇ ತಿಂಗಳ ಚಂದಾ, ವರ್ಷದ ಚಂದಾ ಎಂಬ ಬಣ್ಣದ ಫಲಕಗಳೂ ಇರುತ್ತವೆ. ಹಣ ಕೇಳಿದ ಕೂಡಲೇ ಅದು ತಪ್ಪು ಬಾಗಿಲೆಂದು ತಿಳಿದು ಹಿಂದಕ್ಕೆ ಬರಬೇಕು. ಫೋನಿನಲ್ಲಿ "ಉಚಿತ ಸ್ಕೋರ್" ತೋರಿಸುವ ಬೇರೆ ಬೇರೆ ಆ್ಯಪ್‌ಗಳದು ಇನ್ನೊಂದು ಬಗೆ. ಅವು ಹಣ ಕೇಳುವುದಿಲ್ಲ, ನಿಮ್ಮ ನಂಬರ್ ಕೇಳುತ್ತವೆ. ಮರುದಿನದಿಂದ ಸಾಲ ಬೇಕೇ ಎಂಬ ಕರೆಗಳ ಸುರಿಮಳೆ.

ವರದಿ ಕೈಗೆ ಬಂದ ಮೇಲೆ ಎಲ್ಲರೂ ಮೊದಲು ನೋಡುವುದು 300ರಿಂದ 900ರ ನಡುವಿನ ಅಂಕವನ್ನು. ನಮ್ಮ ಅಭಿಪ್ರಾಯದಲ್ಲಿ ಅದನ್ನು ಕೊನೆಗೆ ನೋಡಬೇಕು. ಮೊದಲು ಹೆಸರು, ಪಾನ್ ಸಂಖ್ಯೆ, ವಿಳಾಸ. ಒಂದೇ ಹೆಸರಿನ ಇಬ್ಬರ ಲೆಕ್ಕ ಒಂದಾಗುವುದುಂಟು. ಆಮೇಲೆ ಸಾಲಗಳ ಪಟ್ಟಿ: ನೀವು ಮಾಡದ ಸಾಲವೇನಾದರೂ ಇದೆಯೇ, ತೀರಿದ ಸಾಲ ಮುಚ್ಚಿದೆಯೇ? "ಸೆಟಲ್ಡ್" ಎಂಬ ಪದ ಕಂಡರೆ ಹಿಗ್ಗಬೇಡಿ. ಪೂರ್ತಿ ಕಟ್ಟದೆ ಕಡಿಮೆಗೆ ರಾಜಿ ಮಾಡಿಕೊಂಡರು ಎಂದು ಅದರ ಅರ್ಥ. ಬ್ಯಾಂಕಿನವರ ಕಣ್ಣಿಗೆ ಅದು ಕಲೆ. ಪೂರ್ತಿ ಕಟ್ಟಿದವನ ಹೆಸರಿನ ಮುಂದೆ ಆ ಪದವಿದ್ದರೆ ತಿದ್ದಿಸಲೇಬೇಕು. ಇನ್ನು ಜಾಮೀನಿನ ವಿಷಯ. ಮಿಲ್ಲಿನಲ್ಲಿ ಪಕ್ಕದ ಯಂತ್ರದವನಿಗೆ, ಪೇಟೆಯಲ್ಲಿ ಭಾವಮೈದುನನಿಗೆ ಒಂದು ಸಹಿ ಹಾಕಿಕೊಟ್ಟು ಮರೆತುಬಿಡುವುದು ನಮ್ಮ ಜನರ ದೊಡ್ಡ ಗುಣ. ಆ ಸಹಿ ಈ ಖಾತೆಯಲ್ಲಿ ಮರೆಯುವುದಿಲ್ಲ. ಅವನು ಕಂತು ತಪ್ಪಿಸಿದರೆ ಗೆರೆ ನಿಮ್ಮ ಹಾಳೆಯಲ್ಲೂ ಬೀಳುತ್ತದೆ. ಮನೆಯ ಹೆಣ್ಣುಮಕ್ಕಳು ಸಂಘದ ಮೂಲಕ ಪಡೆದ ಮೈಕ್ರೋ ಫೈನಾನ್ಸ್ ಸಾಲಗಳೂ ಈ ಕಂಪನಿಗಳಲ್ಲಿ ದಾಖಲಾಗುತ್ತವೆ. ಆದುದರಿಂದ ಗಂಡನ ವರದಿಯೊಂದನ್ನೇ ನೋಡಿ ಸುಮ್ಮನಾಗಬಾರದು.

ತಪ್ಪು ಕಂಡರೆ ಆ ಕಂಪನಿಗೂ ಸಾಲ ಕೊಟ್ಟ ಸಂಸ್ಥೆಗೂ ಲಿಖಿತ ದೂರು ಕೊಟ್ಟು, ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಮೂವತ್ತು ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ಅಲ್ಲಿಂದ ಮುಂದಕ್ಕೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡತಕ್ಕದ್ದೆಂಬ ನಿಯಮ 2024ರ ಏಪ್ರಿಲ್ 26ರಿಂದ ಜಾರಿಯಲ್ಲಿದೆ. ತಿದ್ದಲು ನಿರಾಕರಿಸಿದರೆ ಕಾರಣವನ್ನು ಹೇಳಬೇಕು. ಅದಕ್ಕೂ ಬಗ್ಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ. ಅಲ್ಲಿ ದೂರಿಗೆ ಶುಲ್ಕವಿಲ್ಲ. "ತಿಂಗಳಿಗೊಮ್ಮೆ ಮಾತ್ರ ಲೆಕ್ಕ ಕಳಿಸುತ್ತೇವೆ, ಕಾಯಿರಿ" ಎಂಬ ಹಳೆಯ ಸಬೂಬೂ ಈಗ ನಡೆಯದು. 2025ರ ಜನವರಿಯಿಂದ ಹದಿನೈದು ದಿನಕ್ಕೊಮ್ಮೆಯಾದರೂ ಕಳಿಸಲೇಬೇಕು.

ಸಾಲವೇ ಬೇಡವೆನ್ನುವವನಿಗೆ ಇದರ ಗೊಡವೆ ಏಕೆ ಎಂದು ಕೇಳುವವರುಂಟು. 2025ರಲ್ಲಿ ಮದ್ರಾಸ್ ಹೈಕೋರ್ಟಿನಲ್ಲಿ ಒಂದು ಮೊಕದ್ದಮೆ ತೀರ್ಮಾನವಾಯಿತು. ಸರಕಾರಿ ಬ್ಯಾಂಕೊಂದು ಪರೀಕ್ಷೆಯಲ್ಲಿ ಗೆದ್ದ ಉಮೇದುವಾರನ ನೇಮಕವನ್ನು ಅವನ ಸಾಲದ ಚರಿತ್ರೆ ಸರಿಯಿಲ್ಲವೆಂದು ರದ್ದು ಮಾಡಿತ್ತು. ಕೋರ್ಟು ಬ್ಯಾಂಕಿನ ಪರವಾಗಿ ನಿಂತಿತು. ಬಡವನ ಮಗನಿಗೆ ಸಾಲವೂ ಇಲ್ಲ, ನೌಕರಿಯೂ ಇಲ್ಲ!

ಹಕ್ಕು ಕಾಗದದ ಮೇಲಿದೆ ನಿಜ. ಆದರೆ ಉಚಿತ ವರದಿ ಸಿಗುವುದು ಕಂಪ್ಯೂಟರಿನಲ್ಲಿ, ಅದೂ ಇಂಗ್ಲಿಷಿನಲ್ಲಿ. ಸಾಲದ ಅರ್ಜಿಯನ್ನು ತಿರಸ್ಕರಿಸುವ ಬ್ಯಾಂಕು ತಾನು ನೋಡಿದ ವರದಿಯ ಮುದ್ರಿತ ಪ್ರತಿಯನ್ನು, ಕನ್ನಡದಲ್ಲಿ, ಅಲ್ಲಿಯೇ ಅರ್ಜಿದಾರನ ಕೈಗಿಡಬೇಕು. ಇದು ನಮ್ಮ ಒತ್ತಾಯ. ಜಿಲ್ಲೆಯ ಕಾರ್ಮಿಕ ಸಂಘಗಳೂ ವರ್ತಕರ ಸಂಘವೂ ಜೊತೆಗೂಡಿ ಈ ಮಾತನ್ನು ಲೀಡ್ ಬ್ಯಾಂಕಿನ ಅಧಿಕಾರಿಗಳ ಮುಂದೆ ಇಡಬೇಕೆಂದು ಕೋರುತ್ತೇವೆ.

ಅಲ್ಲಿಯವರೆಗೆ ನಮ್ಮ ಕೈಲಾದುದನ್ನು ಮಾಡೋಣ. ಪ್ರತಿ ಭಾನುವಾರ ಬೆಳಿಗ್ಗೆ 10ರಿಂದ 1 ಗಂಟೆಯವರೆಗೆ ಪಕ್ಷದ ಕಚೇರಿಯಲ್ಲಿ ವರದಿ ತೆಗೆದು ಓದಿ ಹೇಳಲು ಇಬ್ಬರು ಯುವಕರು ಕುಳಿತಿರುತ್ತಾರೆ, ಹಣ ಕೊಡಬೇಕಾಗಿಲ್ಲ. ಬರುವವರು ಪಾನ್ ಕಾರ್ಡು, ಆ ಕಾರ್ಡಿಗೆ ಹೊಂದಿದ ನಂಬರಿನ ಫೋನು, ತೀರಿದ ಸಾಲಗಳ ಪತ್ರಗಳಿದ್ದರೆ ಅವನ್ನೂ ತರಬೇಕು. ಫೋನಿಗೆ ಬರುವ ಗುಟ್ಟಿನ ಸಂಖ್ಯೆಯನ್ನು ನೀವೇ ಒತ್ತಬೇಕು. ನಮ್ಮ ಹುಡುಗರು ಕೇಳಿದರೂ ಹೇಳಬೇಡಿ. ರಾತ್ರಿ ಪಾಳಿಯವರಿಗೆ ಮೊದಲ ಸರದಿ.